ದಾರಿಗೆ ಅಡ್ಡ ನಿಂತ ಉಕ್ಕಿನ ಗೋಡೆ

ಶಿಲ್ಪ ಎಂದರೆ ನಮಗೆ ನೆನಪಾಗುವುದು ಪೀಠದ ಮೇಲೆ ನಿಂತ ಮೂರ್ತಿ. ದೂರದಿಂದ ನೋಡಿ ಮುಂದೆ ಹೋಗುತ್ತೇವೆ. ಆದರೆ ಕಣ್ಣಿಗಿಂತ ಕಾಲಿಗೇ ಹೆಚ್ಚು ಕೆಲಸ ಕೊಡುವ ಶಿಲ್ಪಗಳೂ ಇವೆ. ಅಮೆರಿಕದ ರಿಚರ್ಡ್ ಸೆರಾ ಅವರ ‘ಟಿಲ್ಟೆಡ್ ಆರ್ಕ್’ ಅಂಥದ್ದು. ಗಣಿತದ ಮಾತಿನಲ್ಲಿ ಹೇಳುವುದಾದರೆ ‘ವಾಲಿದ ಕಂಸ’.

1981ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಪ್ಲಾಜಾದಲ್ಲಿ, ಸರ್ಕಾರಿ ಕಚೇರಿಗಳ ಮುಂದಿನ ಅಂಗಳದಲ್ಲಿ, ಇದನ್ನು ನಿಲ್ಲಿಸಿದರು. 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಗೋಡೆ. ದಪ್ಪ ಮಾತ್ರ ಎರಡೂವರೆ ಇಂಚು. ಬಣ್ಣವಿಲ್ಲ, ಮೈಯೆಲ್ಲ ತುಕ್ಕು. ವೆಚ್ಚ 1,75,000 ಡಾಲರ್ (ಕಾಮರ್ಸ್ ವಿದ್ಯಾರ್ಥಿನಿಯ ಕಣ್ಣು ಮೊದಲು ಹೋಗುವುದು ಇಲ್ಲಿಗೇ).

ಅಂಕಿ ಓದಿದರೆ ಏನೂ ಅರ್ಥವಾಗಲಿಲ್ಲ. ಆದ್ದರಿಂದ ಗೆಳತಿಯರ ಜೊತೆ ಕಾಲೇಜು ಮೈದಾನದಲ್ಲಿ 120 ಅಡಿ ಹಗ್ಗ ಎಳೆದೆವು. ಆ ತುದಿಯಿಂದ ಈ ತುದಿಗೆ ನನಗೆ 54 ಹೆಜ್ಜೆ. ನಡುವೆ ನಿಂತವರು ಆಚೆ ಬದಿಯ ನಲ್ಲಿಗೆ ಹೋಗಬೇಕೆಂದರೆ 60 ಅಡಿ ಹೋಗಿ ಮತ್ತೆ 60 ಅಡಿ ಬರಬೇಕು. ಬಿಸಿಲಲ್ಲಿ ಎರಡು ಸಲ ಸುತ್ತಿದ ಮೇಲೆ ಒಬ್ಬಳು ಹಗ್ಗವನ್ನು ಹಾರಿಯೇ ಬಿಟ್ಟಳು. ಉಕ್ಕನ್ನು ಹಾಗೆ ಹಾರಲಾಗದು.

ಸೆರಾ ಅವರಿಗೆ ಬೇಕಾಗಿದ್ದುದೂ ಇದೇ. ನಡೆಯುವವನಿಗೆ ತಾನು ನಡೆಯುತ್ತಿದ್ದೇನೆ ಎಂಬ ಅರಿವಾಗಬೇಕು, ಹೆಜ್ಜೆ ಇಟ್ಟಂತೆಲ್ಲ ಅಂಗಳ ಬೇರೆಯಾಗಿ ಕಾಣಬೇಕು. ಆದರೆ ಅಲ್ಲಿನ ನೌಕರರಲ್ಲಿ ಹಲವರು ಸಿಟ್ಟಾದರು. 1985ರಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಮಾತನಾಡಿದ 180 ಜನರಲ್ಲಿ 122 ಮಂದಿ ಉಳಿಸಿ ಎಂದರು, 58 ಮಂದಿ ತೆಗೆಯಿರಿ ಎಂದರು. ಸಮಿತಿ ಮಾತ್ರ 4–1ರಿಂದ ತೆಗೆಯಲು ಹೇಳಿತು. ಆ ಜಾಗಕ್ಕೆಂದೇ ಮಾಡಿದ್ದನ್ನು ಕದಲಿಸಿದರೆ ಅದು ನಾಶವಾದಂತೆಯೇ ಎಂದು ಸೆರಾ ನ್ಯಾಯಾಲಯಕ್ಕೆ ಹೋಗಿ ಸೋತರು. 1989ರ ಮಾರ್ಚ್ 15ರ ರಾತ್ರಿ ಗೋಡೆಯನ್ನು ತುಂಡು ಮಾಡಿ ಸಾಗಿಸಿದರು.

122 ಜನ ಸೋತದ್ದು ಅನ್ಯಾಯ ಎಂದೇ ನನಗೆ ಮೊದಲು ಅನಿಸಿತು. ಮನೆಯಲ್ಲಿ ಉರ್ದುವಿನಲ್ಲಿ ಈ ಕಥೆ ಹೇಳಿದಾಗ ದಾದಿ ಕೇಳಿದ್ದು ಒಂದೇ ಪ್ರಶ್ನೆ: “ಮೊಣಕಾಲು ನೋವಿದ್ದವರು ಏನು ಮಾಡುತ್ತಿದ್ದರು?” ನನ್ನ 54 ಹೆಜ್ಜೆ ದಾದಿಗೆ ನೂರಕ್ಕೂ ಹೆಚ್ಚು. ಹೆಜ್ಜೆ ಎಣಿಸುವಾಗ ನಾನು ಎಣಿಸಿದ್ದು ನನ್ನ ಕಾಲುಗಳನ್ನು ಮಾತ್ರ. ಉಳಿಸಿ ಎಂದವರಲ್ಲಿ ಕಲಾವಿದರೇ ಬಹಳ ಮಂದಿ. ಅವರು ದಿನಾ ಅದನ್ನು ಸುತ್ತಿ ಕೆಲಸಕ್ಕೆ ಹೋಗಬೇಕಿರಲಿಲ್ಲ. ಹಾಗೆಂದು ತುಂಡು ಮಾಡಿದ್ದು ಸರಿ ಎನ್ನಲು ನನಗೆ ಈಗಲೂ ಮನಸ್ಸಿಲ್ಲ.

1990ರ ದಶಕದಲ್ಲಿ ಮಾರ್ಥಾ ಶ್ವಾರ್ಟ್ಜ್ ಅದೇ ಅಂಗಳಕ್ಕೆ ಸುರುಳಿ ಸುರುಳಿಯಾದ ಹಸಿರು ಬೆಂಚುಗಳನ್ನು ವಿನ್ಯಾಸ ಮಾಡಿದರು. ಫೋಟೋ ತೋರಿಸಿದೆ. ದಾದಿ ಕನ್ನಡಕ ಹಾಕಿಕೊಂಡು ನೋಡಿ, “ಒರಗಿಕೊಳ್ಳಲು ಬೆನ್ನಿದೆಯಾ?” ಎಂದರು.