ಜಿಯೋಕ್ಯಾಶಿಂಗ್: ಕೈಯೊಳಗಿನ ಮಾರ್ಗದರ್ಶಿಯನ್ನು ಆರಿಸುವ ಬಗೆ

ನಾಗರಿಕರ ಉಪಯೋಗಕ್ಕೆ ಬಿಟ್ಟಿದ್ದ ಜಿ.ಪಿ.ಎಸ್. ಸಂಕೇತಗಳಲ್ಲಿ ತಾನೇ ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ಅಮೆರಿಕದ ಸರ್ಕಾರವು 2000ನೆಯ ಇಸವಿಯ ಮೇ 2ರಂದು ತೆಗೆದುಹಾಕಿತು. ಅದರ ಮರುದಿನವೇ ಡೇವ್ ಅಲ್ಮರ್ ಎಂಬವನು ಆರೆಗಾನ್ ಪ್ರಾಂತದ ಪೋರ್ಟ್‌ಲ್ಯಾಂಡಿನ ಸಮೀಪದಲ್ಲಿ ಒಂದು ಬಕೆಟ್ಟನ್ನು ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿ, ಕಂಡುಹಿಡಿದವರು ಒಳಗಿನ ಒಂದು ವಸ್ತುವನ್ನು ತೆಗೆದುಕೊಂಡು ತಮ್ಮದೊಂದನ್ನು ಇಟ್ಟು ಬರಬೇಕೆಂದು ಸೂಚಿಸಿದನು. ಹೀಗೆ ಹುಟ್ಟಿದ ಜಿಯೋಕ್ಯಾಶಿಂಗ್ ಎಂಬ ಶೋಧಕ್ರೀಡೆಗೆ ಆರಂಭದ ವರ್ಷಗಳಲ್ಲಿ ಹೊರಟವರು ಒಂದು ಕೈಯಲ್ಲಿ ಜಿ.ಪಿ.ಎಸ್. ಯಂತ್ರವನ್ನೂ, ಇನ್ನೊಂದರಲ್ಲಿ ವಿವರಗಳನ್ನು ತುಂಬಿಕೊಂಡ ಪಾಮ್ ಅಥವಾ ಪಾಕೆಟ್ ಪಿ.ಸಿ. ಎಂಬ ಕೈಗಣಕವನ್ನೂ ಹಿಡಿದಿರುತ್ತಿದ್ದರು. ಈಗ ಅವೆರಡರ ಕೆಲಸವನ್ನೂ ಮೊಬೈಲೊಂದೇ ನಿರ್ವಹಿಸುತ್ತದಾದರೂ, ಅದರೊಳಗೆ ಯಾವ ತಂತ್ರಾಂಶವನ್ನು ಇರಿಸಿಕೊಳ್ಳಬೇಕೆಂಬ ಪ್ರಶ್ನೆ ಉಳಿದೇ ಇದೆ. ರಸ್ತೆ ಮುಗಿದ ಮೇಲೆ, ಜಾಲಸಂಪರ್ಕ ತಪ್ಪಿದ ಮೇಲೆ, ಅದು ಯಾವ ಮಟ್ಟಿಗೆ ನೆರವಾಗಬಲ್ಲುದೆಂಬುದೇ ಆರಿಸುವವನ ಮುಖ್ಯ ವಿಚಾರವಾಗಿರತಕ್ಕದ್ದು.

ಮೊದಲನೆಯ ಹೆಜ್ಜೆ: ಸಾಧನದ ಪರಿಶೀಲನೆ

ಸಾಧನದಲ್ಲಿ ಜಿ.ಪಿ.ಎಸ್. ಗ್ರಾಹಕವಿದೆಯೇ ಎಂಬುದನ್ನು ಮೊದಲು ನೋಡಬೇಕು. ವೈಫೈ ಮಾತ್ರವಿರುವ ಐಪ್ಯಾಡುಗಳಲ್ಲಿ ಅದು ಇರುವುದಿಲ್ಲವಾದ ಕಾರಣ, ಅವು ಮನೆಯಲ್ಲಿ ಕುಳಿತು ನಕ್ಷೆ ನೋಡುವುದಕ್ಕೆ ಒದಗುವುವೇ ಹೊರತು ಕಾಡಿನಲ್ಲಿ ನೆಚ್ಚತಕ್ಕವಲ್ಲ. ದಿಕ್ಸೂಚಿಯ ಸಂವೇದಕವೂ ಅಗತ್ಯ, ಏಕೆಂದರೆ ಅದಿಲ್ಲದ ಮೊಬೈಲಿಗೆ ನಾವು ನಡೆಯುತ್ತಿರುವಾಗ ಮಾತ್ರ ದಿಕ್ಕು ತಿಳಿಯುವುದಲ್ಲದೆ, ನಿಂತೊಡನೆ ತಿಳಿಯದು. ಅನಂತರ ತಂತ್ರಾಂಶವು ಆ ಸಾಧನಕ್ಕೆ ಸಲ್ಲುವುದೇ ಎಂಬ ವಿಚಾರ. ಉಚಿತವಾದ, ಮುಕ್ತ ಆಕರದ ಸಿ:ಜಿಯೋ ಆಂಡ್ರಾಯ್ಡಿಗೆ ಮಾತ್ರ ಉಂಟು, ಕ್ಯಾಶ್ಲಿ ಐಫೋನಿನದು, ಸಿಯಾಟಲಿನ ಗ್ರೌಂಡ್‌ಸ್ಪೀಕ್ ಸಂಸ್ಥೆಯ ಅಧಿಕೃತ ಆ್ಯಪ್ ಮತ್ತು ಸಾಮಾನ್ಯ ನಕ್ಷಾ ತಂತ್ರಾಂಶವಾದ ಆಸ್ಮ್‌ಆ್ಯಂಡ್ ಇವೆರಡೂ ಉಭಯ ಬಗೆಯ ಮೊಬೈಲುಗಳಲ್ಲಿ ದೊರೆಯುವುವು.

ಎರಡನೆಯ ಹೆಜ್ಜೆ: ರಸ್ತೆ ಬಿಟ್ಟ ಮೇಲಿನ ನಡೆ

ವಾಹನ ಚಾಲಕರಿಗಾಗಿ ರಚಿತವಾದ ತಂತ್ರಾಂಶವು ನಮ್ಮ ಸ್ಥಾನವನ್ನು ಹತ್ತಿರದ ರಸ್ತೆಗೆ ಎಳೆದು ತೋರಿಸುತ್ತದೆ. ಕಾರಿನಲ್ಲಿ ಗುಣವೆನಿಸುವ ಈ ಅಭ್ಯಾಸವೇ ಶೋಧಕನಿಗೆ ದೋಷವಾಗಿ ಪರಿಣಮಿಸುವುದು. ಓಣಿಯ ತುದಿಯಲ್ಲಿ ಇಳಿಸಿ ಹೊರಟುಹೋಗುವ ಜಟಕಾದವನಂತೆ ಅದು ರಸ್ತೆಯಂಚಿನಲ್ಲಿಯೇ ಗಮ್ಯಸ್ಥಾನ ಬಂದಿತೆಂದು ಸಾರಿ ಸುಮ್ಮನಾಗುತ್ತದೆ. ಬಚ್ಚಿಟ್ಟ ನಿಕ್ಷೇಪವಿರುವ ದಿಕ್ಕನ್ನು ಬಾಣದಿಂದಲೂ ಅಲ್ಲಿಗಿರುವ ನೇರ ದೂರವನ್ನು ಮೀಟರುಗಳಲ್ಲಿಯೂ ತೋರಿಸುವ, ರಸ್ತೆಗೆ ಅಂಟಿಸುವ ಏರ್ಪಾಡಿಲ್ಲದ ಅಥವಾ ಅದನ್ನು ನಿಲ್ಲಿಸಲು ಅವಕಾಶ ಕೊಡುವ ತಂತ್ರಾಂಶವನ್ನೇ ಆರಿಸಬೇಕು. ಕಾರು ನಿಲ್ಲಿಸುವ ಸ್ಥಳದವರೆಗೆ ಬೇರೊಂದು ಆ್ಯಪ್ ನೆರವಾದರೆ ಬಾಧಕವಿಲ್ಲ.

ಮೂರನೆಯ ಹೆಜ್ಜೆ: ಅಂಕೆಗಳ ರೀತಿ

ಈ ಕ್ರೀಡೆಯಲ್ಲಿ ಸ್ಥಾನಗಳನ್ನು ಡಬ್ಲ್ಯು.ಜಿ.ಎಸ್. 84 ಎಂಬ ಮಾನದಂಡದಲ್ಲಿ, ಡಿಗ್ರಿ ಮತ್ತು ದಶಾಂಶ ಮಿನಿಟುಗಳಲ್ಲಿ ಬರೆಯುವುದು ರೂಢಿ. ಅಲ್ಮರನ ಬಕೆಟ್ಟಿನ ಸ್ಥಾನ ಉತ್ತರ 45° 17.460', ಪಶ್ಚಿಮ 122° 24.800'. ಇಲ್ಲಿಯ 17.460 ಮಿನಿಟು ಎಂದರೆ 17 ಮಿನಿಟು 27.6 ಸೆಕೆಂಡು, ಅದನ್ನು 17 ಮಿನಿಟು 46 ಸೆಕೆಂಡೆಂದು ಓದಿಕೊಂಡು ತುಂಬಿದವನು ಸುಮಾರು 570 ಮೀಟರು ಉತ್ತರಕ್ಕೆ ಹೋಗಿ ನಿಲ್ಲುವನು. ಅಕ್ಷಾಂಶದ ಮಿನಿಟಿನ ಸಾವಿರದಲ್ಲೊಂದು ಭಾಗವು 1.85 ಮೀಟರಿಗೆ ಸಮವಾದ್ದರಿಂದ, ದಶಾಂಶದ ಮೂರನೆಯ ಅಂಕೆಯನ್ನೂ ಬಿಡದೆ ಸ್ವೀಕರಿಸುವ ತಂತ್ರಾಂಶವೇ ಬೇಕು. ಅಮೆರಿಕದ ಹಳೆಯ ಭೂನಕ್ಷೆಗಳು ಅನುಸರಿಸುವ ಎನ್.ಎ.ಡಿ. 27 ಎಂಬ ಬೇರೆ ಮಾನದಂಡವು ಕೆಲವು ತಂತ್ರಾಂಶಗಳ ಆಯ್ಕೆಗಳಲ್ಲಿಯೂ ಇರುವುದುಂಟು. ಅದನ್ನು ಅರಿಯದೆ ಒತ್ತಿದರೆ ಎಲ್ಲ ಸ್ಥಾನಗಳೂ ಹತ್ತಾರು ಮೀಟರು ಕದಲುವುವು.

ನಾಲ್ಕನೆಯ ಹೆಜ್ಜೆ: ಜಾಲವಿಲ್ಲದೆ ನಡೆಯುವುದೇ?

ಜಿ.ಪಿ.ಎಸ್. ಸಂಕೇತಗಳು ಉಪಗ್ರಹಗಳಿಂದ ನೇರವಾಗಿ ಬರತಕ್ಕವು; ಅವುಗಳಿಗೆ ಸಿಮ್ಮಾಗಲಿ ಡೇಟಾ ಆಗಲಿ ಬೇಕಿಲ್ಲ. ಜಾಲವನ್ನು ಬೇಡುವವು ನಕ್ಷೆ ಮತ್ತು ನಿಕ್ಷೇಪದ ವಿವರಗಳು. ಇವೆರಡನ್ನೂ ಮನೆಯಲ್ಲಿಯೇ ಇಳಿಸಿಕೊಳ್ಳಲು ಬರುವುದಾದರೆ, ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿ ಅಲ್ಲಿಯ ಸಿಮ್ಮಿಲ್ಲದೆ ತಿರುಗುವ ನಮ್ಮ ಹಿರಿಯರೂ ಮೊಮ್ಮಕ್ಕಳೊಡನೆ ನಿಶ್ಚಿಂತೆಯಿಂದ ಹೊರಡಬಹುದು. ಓಪನ್‌ಸ್ಟ್ರೀಟ್‌ಮ್ಯಾಪಿನ ನಕ್ಷೆಗಳನ್ನು ಸಿ:ಜಿಯೋ ಮತ್ತು ಆಸ್ಮ್‌ಆ್ಯಂಡ್ ಹೀಗೆ ಸಂಗ್ರಹಿಸಿಕೊಳ್ಳಬಲ್ಲವು. ನಿಕ್ಷೇಪದ ವಿವರಗಳನ್ನು ತರುವ ಕಡತಗಳ ವಿಷಯದಲ್ಲಿ ಭೇದವುಂಟು: ಎಲ್.ಒ.ಸಿ. ಕಡತವು ಹೆಸರು, ಸ್ಥಾನಗಳಂಥ ಮೂಲ ವಿವರಗಳನ್ನಷ್ಟೇ ತರುತ್ತದೆ, ಜಿ.ಪಿ.ಎಕ್ಸ್. ಕಡತವು ವರ್ಣನೆ, ಸುಳಿವು, ಹಿಂದಿನ ಶೋಧಕರ ಟಿಪ್ಪಣಿಗಳನ್ನೂ ಹೊತ್ತುತರುತ್ತದೆ. ಆದ್ದರಿಂದ ಎರಡನೆಯದನ್ನು ಓದಬಲ್ಲ ತಂತ್ರಾಂಶಕ್ಕೆ ಆದ್ಯತೆ ಸಲ್ಲಬೇಕು. ಅಧಿಕೃತ ಆ್ಯಪಿನಲ್ಲಿ ಪಟ್ಟಿಗಳನ್ನು ಹೀಗೆ ಇಳಿಸಿಕೊಳ್ಳುವ ಸೌಕರ್ಯವು ಚಂದಾ ತೆತ್ತವರಿಗೆ ಮೀಸಲು.

ಐದನೆಯ ಹೆಜ್ಜೆ: ಕ್ರೀಡೆಗೆ ವಿಶಿಷ್ಟವಾದ ಸೌಕರ್ಯಗಳು

ನಿಕ್ಷೇಪಗಳ ಕಾಠಿಣ್ಯವನ್ನೂ ನೆಲದ ದುರ್ಗಮತೆಯನ್ನೂ 1ರಿಂದ 5ರವರೆಗೆ ಅರ್ಧರ್ಧವಾಗಿ ಏರುವ ಅಂಕಗಳಿಂದ ಸೂಚಿಸುವ ಪದ್ಧತಿಯಿದೆ. ಮಕ್ಕಳೊಡನೆ ಹೊರಡುವವರಿಗೆ ಈ ಅಂಕಗಳ ಪ್ರಕಾರ ಸೋಸಿ ತೋರಿಸುವ ಆ್ಯಪ್ ಬಹಳ ಅನುಕೂಲ. ಸುಳಿವುಗಳು ಪ್ರತಿಯೊಂದು ಅಕ್ಷರವನ್ನೂ ಇಂಗ್ಲಿಷ್ ವರ್ಣಮಾಲೆಯಲ್ಲಿ ಹದಿಮೂರು ಸ್ಥಾನ ಸರಿಸಿ ಬರೆದ ಗೂಢಲಿಪಿಯಲ್ಲಿರುವುದರಿಂದ, ಅವನ್ನು ಒಂದೇ ಒತ್ತಿಗೆ ಬಿಡಿಸುವಂತಿರಬೇಕು. ಒಂದು ನೆಲೆಯಿಂದ ಮತ್ತೊಂದಕ್ಕೆ ಕಳುಹಿಸುವ ಬಹುಹಂತದ ನಿಕ್ಷೇಪಗಳಲ್ಲಿ ಆಸಕ್ತಿಯುಳ್ಳವರು, ಹೊಸ ಸ್ಥಾನವನ್ನು ಕೈಯಿಂದಲೇ ತುಂಬಲು ಬರುವುದೇ, ಇಷ್ಟು ಡಿಗ್ರಿ ದಿಕ್ಕಿನಲ್ಲಿ ಇಷ್ಟು ಮೀಟರು ಎಂದರೆ ಅದನ್ನು ನಕ್ಷೆಯ ಮೇಲೆ ಗುರುತಿಸುವುದೇ ಎಂಬುದನ್ನೂ ಪರೀಕ್ಷಿಸಬೇಕು.

ಆರನೆಯ ಹೆಜ್ಜೆ: ಬಯಲಿನ ಪರೀಕ್ಷೆ

ಹತ್ತಿರದ ಉದ್ಯಾನದ ಬೆಂಚೊಂದರ ಸ್ಥಾನವನ್ನು ಗುರುತಿಸಿಕೊಂಡು, ಮರುದಿನ ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಬಾಣವನ್ನು ಮಾತ್ರ ನಂಬಿ ಅಲ್ಲಿಗೆ ಮರಳಿ ನೋಡಿರಿ. ದಿಕ್ಸೂಚಿ ತಪ್ಪು ತೋರಿದರೆ ಮೊಬೈಲನ್ನು ಗಾಳಿಯಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ ಆಡಿಸುವುದರಿಂದ ಸರಿಹೋಗುವುದುಂಟು. ಬಿಸಿಲಿನಲ್ಲಿ ಪರದೆಯ ಅಕ್ಷರ ಕಾಣುವುದೇ, ಅರ್ಧ ಗಂಟೆಯಲ್ಲಿ ಬ್ಯಾಟರಿ ಎಷ್ಟು ಇಳಿಯಿತು ಎಂಬುದನ್ನೂ ಗಮನಿಸಿರಿ. ತೆರೆದ ಆಕಾಶದ ಕೆಳಗೂ ಮೊಬೈಲಿನ ಸ್ಥಾನನಿರ್ಣಯದಲ್ಲಿ ಸುಮಾರು 5 ಮೀಟರಿನ ಅಂತರ ಸಹಜ. ಬಚ್ಚಿಟ್ಟವನ ಯಂತ್ರದ ದೋಷವೂ ಅದಕ್ಕೆ ಕೂಡುವುದರಿಂದ, 10 ಮೀಟರಿನೊಳಗೆ ಬಂದ ಮೇಲೆ ಬಾಣದ ಹಿಂದೆ ಸುತ್ತದೆ, ಕಲ್ಲುಸಂದಿ, ಮರದ ಬೇರುಗಳನ್ನು ಕಣ್ಣಿನಿಂದ ಶೋಧಿಸುವುದೇ ವಿವೇಕ.

ಹಣದ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಮೊದಲ ಕೆಲವು ಶೋಧಗಳನ್ನು ಉಚಿತವಾದ ತಂತ್ರಾಂಶದಿಂದಲೇ ನಡೆಸಿ, ಯಾವ ಸೌಕರ್ಯವಿಲ್ಲದೆ ನಿಜವಾಗಿ ಕೆಲಸ ಕೆಟ್ಟಿತೆಂಬುದನ್ನು ಬರೆದಿಟ್ಟುಕೊಂಡು, ಆ ಕೊರತೆಯನ್ನು ನೀಗುವ ತಂತ್ರಾಂಶಕ್ಕೆ ಮಾತ್ರ ಚಂದಾ ಕಟ್ಟಿರಿ.