ಆಳಗಡಲಿನ ಸಣ್ಣ ಬೆಕ್ಕು ಶಾರ್ಕ್ ಮತ್ತು ಅದರ ಗುರುತುಗಳು

ಟ್ರಾಲ್ ಬಲೆಯಲ್ಲಿ ಬಂದ ಬೆಲೆಯಿಲ್ಲದ ಮೀನುಗಳು ಒಣಗಿ ಮೀನುಗೊಬ್ಬರವಾಗುವುದನ್ನು ಭೂಮಾಲೀಕರು ಬಲ್ಲರು. ಆ ರಾಶಿಯಲ್ಲಿ ಮೊಳಕ್ಕಿಂತ ಚಿಕ್ಕದಾದ ಶಾರ್ಕ್, ಎಂದರೆ ಕರಾವಳಿಯವರು ಹೇಳುವ ತಾಟೆ, ಕಂಡುಬಂದರೆ ಅದನ್ನು ದೊಡ್ಡ ತಾಟೆಯ ಮರಿಯೆಂದೇ ಎಣಿಸಬಾರದು. ಪೂರ್ಣವಾಗಿ ಬೆಳೆದರೂ ಅಷ್ಟೇ ಉದ್ದವಿರುವ ಜಾತಿಗಳುಂಟು. ಒರಟು ಮೈಯ ಬೆಕ್ಕು ಶಾರ್ಕ್ ಅವುಗಳಲ್ಲೊಂದು.

ನೆಲೆ.— ಶಾಸ್ತ್ರದಲ್ಲಿ ಇದಕ್ಕೆ ಬಿಥೀಲೂರಸ್ ಹಿಸ್ಪಿಡಸ್ ಎಂದು ಹೆಸರು. 'ಇನ್ವೆಸ್ಟಿಗೇಟರ್' ಎಂಬ ಹಡಗಿನವರು ಅಂಡಮಾನ್ ಸಮುದ್ರದಲ್ಲಿ ಹಿಡಿದ ಮೀನನ್ನು ಪರೀಕ್ಷಿಸಿ, ಆಲ್ಕಾಕ್ ಎಂಬ ವಿದ್ವಾಂಸರು ೧೮೯೧ರಲ್ಲಿ ಇದನ್ನು ಮೊದಲು ವರ್ಣಿಸಿದರು. ಭಾರತದ ನೈಋತ್ಯ ತೀರದಾಚೆಯೂ ಇದು ವಾಸಿಸುತ್ತದೆ. ಸಾಮಾನ್ಯವಾಗಿ ೩೦೦ರಿಂದ ೭೫೦ ಮೀಟರು, ಎಂದರೆ ಸುಮಾರು ೧೬೦ರಿಂದ ೪೧೦ ಮಾರು ಆಳದಲ್ಲಿದ್ದು, ಸಣ್ಣ ಮೀನು, ಸೀಗಡಿಯ ಜಾತಿಯ ಜೀವಿಗಳು ಮತ್ತು ಬೊಂಡಾಸಗಳನ್ನು ತಿನ್ನುತ್ತದೆ.

ಗುರುತುಗಳು.— (೧) ಉದ್ದವು ಹೆಚ್ಚೆಂದರೆ ಸುಮಾರು ೧೪ ಅಂಗುಲ. (೨) ಮೈ ಸಪೂರ. ಬಣ್ಣವು ಕಂದು ಅಥವಾ ಮಾಸಿದ ಬಿಳಿ. ಕೆಲವುದರ ಮೈಮೇಲೆ ಮಸುಕಾದ ಅಡ್ಡಪಟ್ಟೆಗಳಿರುತ್ತವೆ. (೩) ಕಣ್ಣು ಬೆಕ್ಕಿನ ಕಣ್ಣಿನಂತೆ ನೀಳವಾಗಿದೆ. (೪) ಬೆನ್ನಿನ ಎರಡು ರೆಕ್ಕೆಗಳು ಹೆಚ್ಚುಕಡಮೆ ಸಮನಾಗಿದ್ದು, ಮೊದಲನೆಯದು ಹೊಟ್ಟೆಯ ರೆಕ್ಕೆಗಳ ನೇರಕ್ಕೆ ಮೇಲೆ ಇರುತ್ತದೆ.

ಇದರೊಡನೆ ಬಲೆಗೆ ಬೀಳುವ ಎರಿಡಾಕ್ನಿಸ್ ಎಂಬ ಇನ್ನೂ ಚಿಕ್ಕ ಶಾರ್ಕಿನಲ್ಲಿ, ಬೆನ್ನಿನ ಮೊದಲನೆಯ ರೆಕ್ಕೆಯು ಹೊಟ್ಟೆಯ ರೆಕ್ಕೆಗಳಿಗಿಂತ ಮುಂದಿರುತ್ತದೆ. ಬಾಲವು ಪಟ್ಟಿಯಂತೆ ನೀಳವಾಗಿದ್ದು ಕಪ್ಪು ಪಟ್ಟೆಗಳಿಂದ ಕೂಡಿರುತ್ತದೆ. ಆಳದ ಮುಳ್ಳು ಶಾರ್ಕುಗಳಿಗಾದರೋ ಬೆನ್ನಿನ ರೆಕ್ಕೆಗಳ ಮುಂದೆ ಮುಳ್ಳುಂಟು, ಗುದದ ರೆಕ್ಕೆಯಿಲ್ಲ. ಬೆಕ್ಕು ಶಾರ್ಕಿಗೆ ಮುಳ್ಳಿಲ್ಲ, ಗುದದ ರೆಕ್ಕೆಯುಂಟು.

ಸಂತಾನ.— ಬೆಕ್ಕು ಶಾರ್ಕುಗಳಲ್ಲಿ ಬಹುಪಾಲು ಜಾತಿಗಳು ಮೊಟ್ಟೆಯಿಡುತ್ತವೆ. ಇದು ಹಾಗಲ್ಲ; ಮೊಟ್ಟೆಯು ತಾಯಿಯ ಒಡಲಿನಲ್ಲಿಯೇ ಒಡೆದು, ಬೆಳೆದ ಮರಿಗಳು ಹುಟ್ಟುತ್ತವೆ. ಒಂದು ಬಾರಿಗೆ ಸಾಮಾನ್ಯವಾಗಿ ಎರಡೇ ಮರಿಗಳು. ಒಂದು ಭೂತಾಯಿ ಮೀನು ಸಾವಿರಗಟ್ಟಲೆ ಮೊಟ್ಟೆಯಿಡುವುದರಿಂದ, ಹಿಡಿದು ಕಳೆದ ಮೀನಿಗೆ ಬದಲು ಬೇಗನೆ ಬರುತ್ತದೆ. ಬೆಕ್ಕು ಶಾರ್ಕಿನ ವಿಷಯದಲ್ಲಿ ಹಾಗೆ ಆಶಿಸಲಾಗದು. ಬಸುರಿ ಮೀನನ್ನು ಗೊಬ್ಬರದ ರಾಶಿಗೆ ಹಾಕುವುದು ಬೀಜದ ಬತ್ತವನ್ನು ಕುಟ್ಟಿ ಉಂಡಂತೆ.

ಮಾಡತಕ್ಕ ಕೆಲಸ.— ಕೇರಳದ ಕೊಲ್ಲಂ ತೀರದಾಚೆ ಆಳದ ಸೀಗಡಿಗಾಗಿ ಎಳೆಯುವ ಬಲೆಗಳಲ್ಲಿ ಇದು ಬೇಡದ ಮೀನಾಗಿ ಸಿಕ್ಕುತ್ತದೆ. ಅಷ್ಟು ಆಳದಿಂದ ಮೇಲೆ ಬಂದುದು ಮರಳಿ ಬಿಟ್ಟರೂ ಬದುಕುವುದು ಕಷ್ಟ. ಆದುದರಿಂದ ಎಷ್ಟು ಹೋಗುತ್ತಿದೆಯೆಂಬ ಲೆಕ್ಕವೇ ರಕ್ಷಣೆಯ ಮೊದಲ ಮೆಟ್ಟಲು. ಎಲ್ಲವನ್ನೂ 'ತಾಟೆ ಮರಿ' ಎಂದು ಒಂದೇ ಹೆಸರಿನಲ್ಲಿ ಬರೆದರೆ ಆ ಲೆಕ್ಕ ಸಿಕ್ಕದು. ಕರಾವಳಿಯ ಗ್ರಾಮಗಳ ಮುಖಂಡರು ದೋಣಿಯವರಿಗೆ ಈ ಗುರುತುಗಳನ್ನು ತಿಳಿಸಿ, ಸಂಶಯವಿರುವ ಮೀನನ್ನು ಕತ್ತರಿಸದೆ, ಸಿಕ್ಕಿದ ಸ್ಥಳ ಮತ್ತು ಆಳದ ವಿವರದೊಡನೆ ಮೀನುಗಾರಿಕೆ ಇಲಾಖೆಯವರಿಗೆ ಒಪ್ಪಿಸುವಂತೆ ಏರ್ಪಡಿಸಬೇಕು.