ಪಾಠಕ್ಕೂ ಕೂರು, ಪ್ರಾರ್ಥನೆಗೂ ಕೂರು

ನೋಡು ಮಗಳೇ, ಭಾನುವಾರದ ಪೂಜೆ ಮುಗಿದ ಕೂಡಲೇ ಬಿ.ಟಿ.ಎಂ. ಬಡಾವಣೆಯ ಮಕ್ಕಳನ್ನು ಕೂರಿಸಿಕೊಂಡು ಧರ್ಮೋಪದೇಶ ಹೇಳಿಕೊಡುತ್ತೀಯ. ಸಂತೋಷ. ನಿನಗೆ ಒಳ್ಳೆಯ ದನಿಯಿದೆ, ಹುರುಪಿದೆ, ಮೊಬೈಲಿನ ತುಂಬ ವಿಡಿಯೋ ಇದೆ. ತಾಳ್ಮೆ ಮಾತ್ರ ಕೊಂಚ ಕಡಿಮೆ. ಪ್ರಶ್ನೆ ಕೇಳಿ, ಮಗು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ನೀನೇ ಹೇಳಿಬಿಡುತ್ತೀಯಲ್ಲ!

ಲೂಕನ ಶುಭಸಂದೇಶದ 24ನೇ ಅಧ್ಯಾಯ ಮತ್ತೊಮ್ಮೆ ಓದು. ಎಮ್ಮಾವುಸಿಗೆ ಹೊರಟಿದ್ದ ಇಬ್ಬರು ಶಿಷ್ಯರ ಜೊತೆ ಯೇಸುಸ್ವಾಮಿ ಹೆಜ್ಜೆ ಹಾಕಿದರು. ಮೊದಲು ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ವಿಚಾರಿಸಿದರು. ಅವರ ಸಂಕಟವನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಪವಿತ್ರಗ್ರಂಥ ವಿವರಿಸಿದರು. ಎಲ್ಲ ಬಲ್ಲವರೇ ಹಾಗೆ ಕಾದರು, ನಿನಗೇನು ಅವಸರ?

ಭಕ್ತಿ ಇದ್ದರೆ ಸಾಕು, ಮಿಕ್ಕದ್ದನ್ನು ದೇವರು ನೋಡಿಕೊಳ್ಳುತ್ತಾರೆ ಎಂದು ಬರಿಗೈಲಿ ಬರಲೂಬೇಡ. ಸೋಮಾರಿತನಕ್ಕೆ ದೇವರ ಹೆಸರಿಡಬಾರದು. ಬಾಸೆಲ್ ಮಿಷನ್ನಿನ ಕಿಟ್ಟೆಲರು 1853ರಲ್ಲಿ ಈ ನಾಡಿಗೆ ಬಂದರು. ಕ್ರಿಸ್ತನ ಕಥೆಯನ್ನು ಇಲ್ಲಿಯವರ ಕಿವಿಗೆ ಮುಟ್ಟಿಸಬೇಕೆಂದು ಇಲ್ಲಿನ ಛಂದಸ್ಸನ್ನೇ ಕಲಿತು 1862ರಲ್ಲಿ ‘ಕಥಾಮಾಲೆ’ ಬರೆದರು. ಅವರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಎಷ್ಟು ವರ್ಷದ ದುಡಿಮೆ ನೋಡು! ನಿನಗೆ ಕಲಿಯುವ ಅನುಕೂಲ ಊರಲ್ಲೇ ಇದೆ. ಹೊಸೂರು ರಸ್ತೆಯಲ್ಲಿ ದೈವಶಾಸ್ತ್ರ ಕಲಿಸುವ ಧರ್ಮಾರಾಮ್ ಇದೆ. ಫಾದರ್ ಅಮಲೋರ್ಪವದಾಸ್ 1967ರಲ್ಲಿ ಕಟ್ಟಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿ ಕೇಂದ್ರ, ಅಂದರೆ ಎನ್‌ಬಿಸಿಎಲ್‌ಸಿ ಧರ್ಮೋಪದೇಶದ ಕೆಲಸಕ್ಕೆಂದೇ ಹುಟ್ಟಿದ ಕೇಂದ್ರಗಳಲ್ಲೊಂದು. ಹೋಗಿ ಕಲಿ.

ಆದರೆ ಕಲಿತ ಜಾಣ್ಮೆ ಒಂದು ಕಡೆ ನಿಂತುಬಿಡುತ್ತದೆ. “ಟೀಚರ್, ತಾತ ಆಸ್ಪತ್ರೇಲಿದ್ದಾರೆ, ನಾನು ಬೇಡಿಕೊಂಡರೆ ದೇವರಿಗೆ ಕೇಳಿಸುತ್ತಾ?” ಎಂದು ಮಗುವೊಂದು ಕೇಳುತ್ತದೆ. ಯಾವ ಚಾರ್ಟು, ಯಾವ ಹಾಡು ಆಗ ಕೈ ಹಿಡಿಯುತ್ತದೆ? ಒಬ್ಬಳೇ ಮಂಡಿಯೂರಿ ಅತ್ತವಳಿಗೆ ಮಾತ್ರ “ಬಾ ಪುಟ್ಟ, ಇಬ್ಬರೂ ಸೇರಿ ಬೇಡೋಣ” ಎನ್ನುವ ಧೈರ್ಯ ಬರುತ್ತದೆ. ಆ ಮಾತು ಬಾಯಿಪಾಠದಿಂದ ಬಂದರೆ ಮಕ್ಕಳಿಗೆ ತಟ್ಟನೆ ಗೊತ್ತಾಗುತ್ತದೆ.

ಅವರ ಕಣ್ಣು ಬಲು ಚುರುಕು. ಕ್ಷಮೆಯ ಪಾಠ ಹೇಳಿ, ಗೇಟಿನಾಚೆ ಆಟೋದವನ ಮೇಲೆ ಹರಿಹಾಯ್ದರೆ ಅವರು ಕಲಿಯುವುದು ಎರಡನೆಯದನ್ನೇ.

ಹೀಗೆ ಮಾಡು. ಶನಿವಾರ ರಾತ್ರಿ ಪಾಠವನ್ನು ಒಂದೇ ಪುಟಕ್ಕೆ ಇಳಿಸು. ಹೇಳಬೇಕಾದ್ದು ಒಂದಿರಲಿ, ಹತ್ತು ಬೇಡ. ತಮಿಳು, ಕೊಂಕಣಿ, ಮಲಯಾಳ ಮನೆಮಾತಿನ ಮಕ್ಕಳೂ ಇರುತ್ತಾರೆ, ಮಾತು ಸರಳವಾಗಿರಲಿ. ಆಮೇಲೆ ಫೋನು ಬದಿಗಿಟ್ಟು, ಹಾಜರಿ ಪುಸ್ತಕ ತೆಗೆದು, ಒಂದೊಂದೇ ಮಗುವಿನ ಹೆಸರು ಹಿಡಿದು ಪ್ರಾರ್ಥಿಸು. ಗಲಾಟೆ ಮಾಡುವವನ ಹೆಸರಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲು. ಅವನಿಗಾಗಿ ಬೇಡಿಕೊಂಡ ಮೇಲೆ ಅವನ ಮೇಲೆ ರೇಗುವುದು ನಿನಗೇ ಕಷ್ಟವಾಗುತ್ತದೆ.